ಊರ ಹೆಸರಿನ ವ್ಯಾಪಾರ

(ಕಿಬ್ಬನಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ವ್ಯಾಪಾರದಲ್ಲಿ ಒಳ್ಳೆಯ ಹೆಸರು ಗಳಿಸುವುದು ಮತ್ತು ಗಳಿಸಿದ್ದನ್ನು ಕಾಪಾಡಿಕೊಳ್ಳುವುದು ಎಂಬ ವಿಷಯ ಕೊಟ್ಟಿದ್ದೀರಿ. ಬೆಂಗಳೂರಿನ ಸಭೆಯಾಗಿದ್ದರೆ ನಾಲ್ಕು ಕಂಪನಿಗಳ ಕಥೆ ಹೇಳಿ ಊಟಕ್ಕೆ ಏಳಬಹುದಿತ್ತು. ಕಿಬ್ಬನಹಳ್ಳಿಯಲ್ಲಿ ಅದು ನಡೆಯುವುದಿಲ್ಲ. ಇಲ್ಲಿಂದ ದೆಹಲಿಗೆ, ರಾಜಸ್ಥಾನಕ್ಕೆ ಹೋಗುವ ಉಂಡೆ ಕೊಬ್ಬರಿಯ ಚೀಲದ ಮೇಲೆ ಬೆಳೆದವನ ಹೆಸರು ಇರುವುದಿಲ್ಲ. ತುರುವೇಕೆರೆಯ ತೋಟದ್ದಾಗಲಿ, ಚಿಕ್ಕನಾಯಕನಹಳ್ಳಿ ಕಡೆಯ ಅಟ್ಟದ್ದಾಗಲಿ, ಅರಸೀಕೆರೆಯ ಗಡಿಯಿಂದ ಬಂದದ್ದಾಗಲಿ, ಅಲ್ಲಿ ಕೊಳ್ಳುವವನಿಗೆ ಅದೆಲ್ಲ ತಿಪಟೂರು ಮಾಲು. ಲಕ್ಷಾಂತರ ಜನರ ಬೆವರು ಒಂದೇ ಹೆಸರಿನಡಿ ಮಾರಾಟವಾಗುತ್ತದೆ. ಆ ಹೆಸರಿಗೆ ವಾರಸುದಾರರು ಬಹಳ, ಕಾವಲುಗಾರರು ಯಾರು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಬೇಕು. ನಾನು ಇವತ್ತು ಮಾತಾಡುವುದು ಈ ಜಂಟಿ ಖಾತೆಯ ಬಗ್ಗೆ.

ಮೊದಲು ಈ ಹೆಸರು ಬಂದದ್ದು ಹೇಗೆ ಎಂಬುದನ್ನು ನೋಡೋಣ. ನಿಮಗೆ ಗೊತ್ತಿರುವುದೇ, ಆದರೆ ದತ್ತಿ ಉಪನ್ಯಾಸ ಅಚ್ಚಾಗುತ್ತದೆ. ಓದುವ ಹೊರಗಿನವರಿಗಾಗಿ ಹೇಳುತ್ತೇನೆ. ಕೇರಳದಲ್ಲಿ ಕಾಯಿ ಒಡೆದು ಎರಡು ಹೋಳು ಮಾಡಿ, ಬಿಸಿಲಿಗೋ ಗೂಡಿನ ಶಾಖಕ್ಕೋ ಇಟ್ಟು ಕೆಲವೇ ದಿನಗಳಲ್ಲಿ ಒಣಗಿಸುತ್ತಾರೆ. ಅದರ ಬಹುಪಾಲು ಗಾಣಕ್ಕೆ ಹೋಗಿ ಎಣ್ಣೆಯಾಗುತ್ತದೆ. ನಮ್ಮ ಕಡೆ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಸುಮ್ಮನೆ ಬಿಡುತ್ತೇವೆ. ಒಂಬತ್ತು ತಿಂಗಳು, ಹತ್ತು ತಿಂಗಳು, ಕೆಲವರು ವರ್ಷವಿಡೀ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ತಾನಾಗಿ ಬಿಡಬೇಕು. ಕಾಯಿ ಅಲುಗಾಡಿಸಿದಾಗ ಒಳಗೆ ಉಂಡೆ ಗಡಗಡ ಎಂದರೆ ಆಯಿತು, ಸುಲಿಯಬಹುದು. ಕರಾವಳಿಯ ತೇವದ ಹವೆಯಲ್ಲಿ ಹೀಗೆ ಮಾಡಿದರೆ ಅರ್ಧಕ್ಕರ್ಧ ಮುಗ್ಗಿ ಹೋಗುತ್ತದೆ. ನಮ್ಮ ಒಣ ಗಾಳಿ ಅದಕ್ಕೆ ಒದಗುತ್ತದೆ. ದಪ್ಪ ತಿರುಳಿನ ನಮ್ಮ ಎತ್ತರದ ತಳಿಯನ್ನು ದೇಶದ ಕೃಷಿ ವಿಜ್ಞಾನಿಗಳೂ ತಿಪಟೂರು ಟಾಲ್ ಎಂದೇ ಕರೆಯುತ್ತಾರೆ.

ಹಿಂದೆ ಈ ಅಟ್ಟ ಇದ್ದದ್ದು ಮನೆಯೊಳಗೇ. ಕೆಳಗೆ ಅಡುಗೆ ಒಲೆ, ಮೇಲೆ ಕಾಯಿ. ಒಲೆಯ ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗುವ ಮುಂಚೆ ಕಾಯಿಗೆ ಸುತ್ತಿಕೊಳ್ಳುತ್ತಿತ್ತು. ಹುಳು ಹುಪ್ಪಟೆ ಹತ್ತಿರ ಬರುತ್ತಿರಲಿಲ್ಲ. ಈಗ ತಾರಸಿ ಮನೆ, ಗ್ಯಾಸ್ ಒಲೆ. ಕಾಯಿಗೆ ಬೇರೆ ಶೆಡ್ಡು. ಶೆಡ್ಡಿನ ನೆಲ ಎತ್ತರಿಸಿ, ಗಾಳಿ ಆಡಲು ಸಂದಿ ಬಿಟ್ಟು ದಬ್ಬೆ ಹಾಸಿದವರ ಕೊಬ್ಬರಿ ಈಗಲೂ ಚೆನ್ನಾಗಿಯೇ ಬರುತ್ತದೆ. ನೆಲದ ಮೇಲೆ ಸುರಿದು ಬಾಗಿಲು ಹಾಕಿದವರದ್ದು ಕೌಟಾಗುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ, ಬರೀ ತಾಳ್ಮೆ ಮತ್ತು ಮೂರ್ನಾಲ್ಕು ತಿಂಗಳಿಗೊಮ್ಮೆ ಕಾಯಿ ಮಗುಚುವ ಬೇಸರದ ಕೆಲಸ.

ಇನ್ನೊಂದು ಸಂಗತಿ. ಗಾಣಕ್ಕೆ ಹೋಗುವ ಕೊಬ್ಬರಿಯ ದೋಷ ಎಣ್ಣೆಯಲ್ಲಿ ಕರಗಿ ಹೋಗುತ್ತದೆ, ಶುದ್ಧೀಕರಿಸಿದರೆ ವಾಸನೆಯೂ ಹೋಗುತ್ತದೆ. ನಮ್ಮದು ತಿನ್ನುವ ಕೊಬ್ಬರಿ. ಉತ್ತರದ ಕಡೆ ಗೋಲಾ ಎನ್ನುತ್ತಾರೆ. ಹಬ್ಬದ ಸಿಹಿಗೆ, ಮದುವೆಯ ಒಣಹಣ್ಣಿನ ತಟ್ಟೆಗೆ, ದೇವರ ಪ್ರಸಾದಕ್ಕೆ ಬೇಕು. ಅದರ ಪರೀಕ್ಷೆ ಕಡೆಗೆ ನಡೆಯುವುದು ಯಾವುದೋ ಮಗುವಿನ ಬಾಯಲ್ಲಿ. ಕೌಟು ಹತ್ತಿದ ಒಂದು ಹೋಳು ನಾಲಿಗೆಗೆ ತಾಗಿತೋ, ಆ ಮನೆಯವರು ಮುಂದಿನ ದೀಪಾವಳಿಗೆ ಬಾದಾಮಿ ಕೊಳ್ಳುತ್ತಾರೆ. ಅವರು ಯಾರ ಮೇಲೂ ದೂರು ಬರೆಯುವುದಿಲ್ಲ. ನಮಗೆ ಸುದ್ದಿಯೂ ಬರುವುದಿಲ್ಲ. ಧಾರಣೆ ಇಳಿದಾಗ ನಾವು ಆಮದು ಸುಂಕ, ಸರ್ಕಾರ, ವರ್ತಕರ ಕೂಟ ಎಲ್ಲವನ್ನೂ ಬೈಯುತ್ತೇವೆ. ಬೈಯಲು ಕಾರಣಗಳೂ ಇವೆ. ಬಾದಾಮಿಗೆ ಹೋದ ಆ ಮನೆ ಮಾತ್ರ ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

ಒಬ್ಬನೇ ಯಜಮಾನನಿರುವ ಕಡೆ ಹೆಸರು ಕಾಯುವುದು ಕಷ್ಟವಾದರೂ ಸರಳ. ಬೆಂಗಳೂರಿನ ಎಂ.ಟಿ.ಆರ್. ಉದಾಹರಣೆ ನೋಡಿ. 1924ರಲ್ಲಿ ಪರಮೇಶ್ವರ ಮಯ್ಯರು ಅಣ್ಣತಮ್ಮಂದಿರ ಜೊತೆ ಶುರುಮಾಡಿದ ಹೋಟೆಲು. ಆ ಸೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದು, ಇಲ್ಲಿ ಅದನ್ನು ಕಟ್ಟುನಿಟ್ಟಾಗಿ ತಂದರು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿ ದರಗಳನ್ನು ಇಳಿಸಿತು. ಉಳಿದವರು ದೋಸೆ ತೆಳ್ಳಗೆ ಮಾಡಿಕೊಂಡರು. ಮಯ್ಯರ ಮನೆಯವರು ತುಪ್ಪ ಕಡಿಮೆ ಮಾಡಲು ಒಪ್ಪದೆ, ದಿನದ ನಷ್ಟ ಇಷ್ಟು ಎಂದು ಫಲಕ ಬರೆದು ಹಾಕಿದರಂತೆ. ಕೊನೆಗೆ ಹೋಟೆಲನ್ನೇ ಮುಚ್ಚಿ ದಿಢೀರ್ ಮಿಶ್ರಣಗಳ ಮಾರಾಟಕ್ಕೆ ಇಳಿದರು ಎಂಬುದು ಬೆಂಗಳೂರಿನ ಹಳಬರೆಲ್ಲ ಹೇಳುವ ಕಥೆ. ಆ ಪೊಟ್ಟಣಗಳ ವ್ಯಾಪಾರವನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡಿತು. ಹೋಟೆಲು ಮನೆತನದಲ್ಲೇ ಉಳಿಯಿತು. ನಷ್ಟ ಮಾಡಿಕೊಂಡು ಉಳಿಸಿಕೊಂಡ ಹೆಸರಿಗೆ ಮುಂದೆ ಕೋಟಿಗಳ ಬೆಲೆ ಬಂತು, ಮತ್ತು ಆ ಬೆಲೆ ನಷ್ಟ ಹೊತ್ತವರ ಕೈಗೇ ಸಿಕ್ಕಿತು.

ಕಿಬ್ಬನಹಳ್ಳಿ ಹೋಬಳಿಯ ರೈತ ಯಾಕೆ ಮಯ್ಯರಂತೆ ನಡೆಯುವುದಿಲ್ಲ ಎಂದು ಪೇಟೆಯವರು ಕೇಳುತ್ತಾರೆ. ಯಾಕೆ ನಡೆಯಬೇಕು? ಅವನು ಹನ್ನೊಂದು ತಿಂಗಳು ಕಾದರೂ ತಿಪಟೂರು ಕೊಬ್ಬರಿ, ಪಕ್ಕದವನು ಏಳೇ ತಿಂಗಳಿಗೆ ಇಳಿಸಿ ಬಿಸಿಲಿಗೆ ಹಾಕಿದರೂ ತಿಪಟೂರು ಕೊಬ್ಬರಿ. ಕಾದವನ ಲಾಭ ಇಡೀ ಸೀಮೆಗೆ ಹಂಚಿ ಹೋಗುತ್ತದೆ, ಕಾಯದವನ ಲಾಭ ಅವನ ಜೇಬಿಗೇ ಬೀಳುತ್ತದೆ.

ಬೆಳೆದವನಿಗೂ ಅವನ ಮಾಲಿಗೂ ನಡುವಿನ ಕೊಂಡಿ ಎಲ್ಲಿ ಕಳಚುತ್ತದೆ ಎಂಬುದನ್ನು ನೋಡಲು ತಿಪಟೂರು ಎ.ಪಿ.ಎಂ.ಸಿ. ಯಾರ್ಡಿಗೆ ಹೋಗಬೇಕು. ಹರಾಜಿನ ದಿನ ಬೆಳಿಗ್ಗೆ ಗೇಟಿನಲ್ಲಿ ಮಾಲು ಬರೆಸಿದಾಗ ಒಂದು ಲಾಟ್ ನಂಬರ್ ಬರುತ್ತದೆ. ಆನ್‌ಲೈನ್ ಟೆಂಡರ್ ಬಂದ ಮೇಲೆ ಕರವಸ್ತ್ರದ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸುವ ಕಾಲ ಹೋಯಿತು. ಅದು ದೊಡ್ಡ ಸುಧಾರಣೆಯೇ. ಮಂಡಿಯ ಮುಂದೆ ಚೀಲ ಬಿಚ್ಚಿ ಸುರಿದಿರುತ್ತಾರೆ. ಖರೀದಿದಾರರ ಕಡೆಯ ಹಳಬರೊಬ್ಬರು ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತು ರಾಶಿಯ ಬುಡಕ್ಕೆ ಕೈ ಹಾಕುತ್ತಾರೆ, ಮೇಲಿನದ್ದನ್ನು ಮುಟ್ಟುವುದೇ ಇಲ್ಲ. ಎರಡು ಉಂಡೆ ತೆಗೆದು ಒಂದಕ್ಕೊಂದು ಕುಟ್ಟುತ್ತಾರೆ. ಒಣಗಿದ್ದರೆ ಮರ ಕುಟ್ಟಿದ ಸದ್ದು. ಹಸಿ ಉಳಿದಿದ್ದರೆ ಸದ್ದು ಸತ್ತಿರುತ್ತದೆ. ಆಮೇಲೆ ಒಂದನ್ನು ಮಚ್ಚಿನಲ್ಲಿ ಸೀಳಿ ಮೂಗಿನ ಹತ್ತಿರ ಹಿಡಿಯುತ್ತಾರೆ.

“ಗೌಡ್ರೇ, ಇದು ಅಟ್ಟದಲ್ಲಿ ಆಗಿದ್ದಲ್ಲ. ಬಿಸ್ಲಿಗ್ ಹಾಕೀರಿ.”

“ಒಂದ್ ಚೀಲ ಹಂಗೈತೆ ಅಣ್ಣ, ಮಿಕ್ಕಿದ್ದೆಲ್ಲ ಅಟ್ಟದ್ದೇಯ. ಮಗಳ್ ಮದ್ವೆ ಇತ್ತು.”

ಈ ಮನುಷ್ಯನ ಕೈಗೆ ಎಲ್ಲ ಗೊತ್ತು. ಯಾರ ಅಟ್ಟ, ಯಾರ ಅವಸರ, ಎಲ್ಲವೂ. ಆದರೆ ಸಂಜೆಯ ಹೊತ್ತಿಗೆ ಆ ರಾಶಿ ಗೋದಾಮಿಗೆ ಹೋಗಿ, ಇನ್ನೂ ಎಷ್ಟೋ ಲಾಟುಗಳ ಜೊತೆ ಸೇರಿ, ಗಾತ್ರದ ಮೇಲೆ ವಿಂಗಡಣೆಯಾಗಿ ಹೊಸ ಚೀಲ ತುಂಬುತ್ತದೆ. ಲಾಟ್ ನಂಬರ್ ಕಾಗದದಲ್ಲಿ ಉಳಿಯುತ್ತದೆ. ಚೀಲಕ್ಕೂ ಅದಕ್ಕೂ ಸಂಬಂಧ ಹರಿದುಹೋಗುತ್ತದೆ. ದೆಹಲಿಯಲ್ಲಿ ನೂರರಲ್ಲಿ ಹತ್ತು ಉಂಡೆ ಕೌಟು ಬಂದರೆ ಯಾರ ಅಟ್ಟದ್ದೆಂದು ಹೇಳುವವರಿಲ್ಲ. ಅಲ್ಲಿನ ವ್ಯಾಪಾರಿ ಏನು ಮಾಡುತ್ತಾನೆ? ಇಡೀ ಲಾರಿಗೆ ದರ ಕತ್ತರಿಸುತ್ತಾನೆ. ಆ ಕತ್ತರಿ ಇಲ್ಲಿಗೆ ಬರುವಾಗ ಒಳ್ಳೆಯ ಲಾಟು ಕೆಟ್ಟ ಲಾಟು ಎಂದು ನೋಡುವುದಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಮಾರಾಟವನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನೇ ಬರೆದರು; 2001ರಲ್ಲಿ ನೊಬೆಲ್ ಹಂಚಿಕೊಂಡರು. ಒಳ್ಳೆಯದು ಕೆಟ್ಟದ್ದರ ಗುರುತು ಕೊಳ್ಳುವವನಿಗೆ ಸಿಗದಿದ್ದರೆ ಅವನು ಎರಡಕ್ಕೂ ಸರಾಸರಿ ಬೆಲೆ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯದನ್ನು ತರುವವನು ಸಂತೆಗೆ ಬರುವುದನ್ನೇ ಬಿಡುತ್ತಾನೆ. ಸಂತೆಯಲ್ಲಿ ಕೆಟ್ಟದ್ದು ಮಾತ್ರ ಉಳಿಯುತ್ತದೆ. ನಮ್ಮಲ್ಲಿ ಅಷ್ಟು ದೂರ ಹೋಗಿಲ್ಲ. ಹೋಗದಿರುವುದಕ್ಕೆ ಕಾರಣ, ಬುಡಕ್ಕೆ ಕೈ ಹಾಕುವ ಆ ಹಳಬರು. ಅವರಿಗೆ ವಯಸ್ಸಾಗುತ್ತಿದೆ ಎಂಬುದು ನನ್ನ ಆತಂಕ.

ಈಗ ಮಂಡಿಯವರ ಕಡೆ ತಿರುಗುತ್ತೇನೆ, ಬೇಸರ ಮಾಡಿಕೊಳ್ಳಬಾರದು. ರೈತನಿಗೆ ಈ ತುದಿಯಲ್ಲಿ ಹೆಸರಿದೆ, ದೆಹಲಿಯ ತುದಿಯಲ್ಲಿ ಇಲ್ಲ. ದೊಡ್ಡ ರವಾನೆದಾರನಿಗೆ ಎರಡೂ ತುದಿಯಲ್ಲಿ ಹೆಸರಿದೆ. ಅಲ್ಲಿ ಫೋನಿನ ಮೇಲೆ ಲಾರಿಗಟ್ಟಲೆ ಮಾಲು ಹೋಗುತ್ತದೆಂದರೆ ಅದು ಅವನ ಮಾತಿನ ಬಲದಿಂದ. ಇಲ್ಲಿ ಅವನ ಹೆಸರು ನಿಲ್ಲುವುದು ಎರಡು ಕಡೆ: ತಕ್ಕಡಿ ಮತ್ತು ಪಾವತಿ. ಮಗಳ ಮದುವೆಗೋ ಆಸ್ಪತ್ರೆಗೋ ಮುಂಗಡ ಕೊಟ್ಟ ಮಂಡಿಯನ್ನು ರೈತ ಮೂರು ತಲೆಮಾರು ಬಿಡುವುದಿಲ್ಲ. ತೂಕದಲ್ಲಿ ಒಂದೆರಡು ಕೆ.ಜಿ.ಯನ್ನು ಸೂಟು ಎಂದು ಮುರಿದುಕೊಂಡವನನ್ನೂ ಮೂರು ತಲೆಮಾರು ಮರೆಯುವುದಿಲ್ಲ. ಬಿಲ್ಲಿನ ಬದಲು ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಡುವವರಿಗೆ ಒಂದು ಮಾತು: ಬಿಳಿ ಚೀಟಿಯಿಂದ ಸುಂಕ ಉಳಿಯುತ್ತದೆ ನಿಜ, ಆದರೆ ನಾಳೆ ತಕರಾರು ಬಂದಾಗ ನಿಮ್ಮ ಪ್ರಾಮಾಣಿಕತೆಗೂ ಅದರಲ್ಲಿ ದಾಖಲೆ ಇರುವುದಿಲ್ಲ. ಎ.ಪಿ.ಎಂ.ಸಿ. ಕಾಯ್ದೆಯ ಪ್ರಕಾರ ದಲ್ಲಾಳಿ ಕಮಿಷನ್ ಕೊಳ್ಳುವವನಿಂದ ಬರಬೇಕು. ಮಾರುವವನ ಲೆಕ್ಕದಲ್ಲಿ ಅದನ್ನು ಬೇರೆ ಬೇರೆ ಹೆಸರಿನಲ್ಲಿ ಮುರಿಯುವುದನ್ನು ಈ ಸಭೆಯಲ್ಲಿರುವವರೆಲ್ಲ ಕಂಡಿದ್ದೀರಿ. ಅದೇ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಯಾರ್ಡಿನ ಹೊರಗೆ, ಇಲ್ಲೇ ಕಿಬ್ಬನಹಳ್ಳಿ ಕ್ರಾಸಿನ ಆಚೀಚೆ ಕೂಡ, ವ್ಯಾಪಾರ ಬೆಳೆಯಿತು. ತೋಟದ ಬಾಗಿಲಿಗೇ ಗಾಡಿ ಬರುವುದು ರೈತನಿಗೆ ಅನುಕೂಲ. ಆದರೆ ಅಲ್ಲಿ ಲಾಟ್ ನಂಬರ್ ಹುಟ್ಟುವುದೇ ಇಲ್ಲ.

ರೈತರ ಪಕ್ಷ ವಹಿಸಿ ಚಪ್ಪಾಳೆ ತಗೊಂಡು ಇಳಿಯುವುದು ಸುಲಭ. ಹಾಗಾಗಿ 2024ರ ವಿಷಯ ಎತ್ತುತ್ತೇನೆ. 2023ರಲ್ಲಿ ಧಾರಣೆ ಕ್ವಿಂಟಲ್‌ಗೆ 8 ಸಾವಿರದ ಆಸುಪಾಸಿಗೆ ಕುಸಿದಿತ್ತು. ಬೆಂಬಲ ಬೆಲೆ ಆಗ 11,750 ರೂಪಾಯಿ. ಪಾದಯಾತ್ರೆ, ಧರಣಿ, ಬಂದ್ ಎಲ್ಲ ಆದವು. 2024ರ ಹಂಗಾಮಿಗೆ ಕೇಂದ್ರ 12,000 ನಿಗದಿ ಮಾಡಿತು, ರಾಜ್ಯ ಸರ್ಕಾರ ಮೇಲೆ 1,500 ಸೇರಿಸಿತು, ಕೇಂದ್ರದ ಪರವಾಗಿ ಕೊಳ್ಳುವ ನಾಫೆಡ್ ಸಂಸ್ಥೆಯ ಮೂಲಕ ಖರೀದಿಗೆ ನೋಂದಣಿ ಶುರುವಾಯಿತು. ಕೆಲವೇ ದಿನದಲ್ಲಿ ಮಿತಿ ಮುಗಿಯಿತು. ಸರದಿಯಲ್ಲಿ ರಾತ್ರಿಯೆಲ್ಲ ಮಲಗಿದವರು ಬರಿಗೈಲಿ ಮನೆಗೆ ಹೋದರು. ಅಕ್ರಮ ನಡೆದಿದೆ ಎಂಬ ದೂರು ಬಂದು, ಸರ್ಕಾರ ಆ ನೋಂದಣಿಯನ್ನೇ ರದ್ದು ಮಾಡಿ ಮತ್ತೆ ಮಾಡಿಸಿತು. ವರ್ತಕರು ರೈತರ ಹೆಸರಿನಲ್ಲಿ ನೋಂದಾಯಿಸಿದ್ದರು ಎಂಬುದು ದೂರಿನ ತಿರುಳು. ಸರಿ, ವರ್ತಕನಿಗೆ ಪಹಣಿಯೂ ಆಧಾರೂ ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿಯೂ ಎಲ್ಲಿಂದ ಬರುತ್ತವೆ? ಕೆಲವರದ್ದು ಗೊತ್ತಿಲ್ಲದೆ ಹೋಗಿರಬಹುದು. ಆದರೆ ಕ್ವಿಂಟಲಿಗೆ ಇಷ್ಟು ಎಂದು ಮಾತಾಡಿಕೊಂಡು ಪಹಣಿ ಕೊಡುವ ರೂಢಿ ಬೆಂಬಲ ಬೆಲೆಯ ಖರೀದಿ ಇರುವ ಕಡೆಯಲ್ಲೆಲ್ಲ ಇದೆ ಎಂಬುದನ್ನು ಇಲ್ಲಿ ಯಾರೂ ಅಲ್ಲಗಳೆಯಲಾರಿರಿ. ಹೆಸರನ್ನು ಬಾಡಿಗೆಗೆ ಕೊಡುವುದೆಂದರೆ ಇದು. ಬಾಡಿಗೆ ಪಡೆದವನಿಗೆ ಕೆಲವು ಸಾವಿರ ಸಿಕ್ಕಿರಬಹುದು. ಮರುನೋಂದಣಿಯಲ್ಲಿ ನಿಜವಾದ ರೈತ ಬೆರಳಚ್ಚು ಒತ್ತಲು ಬಿಸಿಲಲ್ಲಿ ನಿಲ್ಲಬೇಕಾಯಿತು. ಇಡೀ ಸೀಮೆಯ ರೈತನ ಮೇಲೆ ಸರ್ಕಾರದ ಕಡತಗಳಲ್ಲಿ ಒಂದು ಅನುಮಾನ ಕೂತುಬಿಟ್ಟಿತು.

ಮರುವರ್ಷ ಕಥೆ ಉಲ್ಟಾ ಆಯಿತು. 2025ರಲ್ಲಿ ಧಾರಣೆ 25 ಸಾವಿರ ದಾಟಿತು. ನಾಫೆಡ್ ಕಡೆ ತಿರುಗಿ ನೋಡುವವರಿರಲಿಲ್ಲ. ಧಾರಣೆ ಬಿದ್ದಾಗಲೇ ಗುಣಮಟ್ಟ ಕೆಡುವುದು ಎಂದು ನಾವು ತಿಳಿದಿದ್ದೇವೆ, ಏರಿದಾಗ ಕೆಡುವುದೇ ಹೆಚ್ಚು. ಇವತ್ತಿನ ರೇಟು ನಾಳೆ ಇರುತ್ತದೋ ಇಲ್ಲವೋ ಎಂಬ ಹೆದರಿಕೆಗೆ ಏಳನೇ ತಿಂಗಳ ಕಾಯಿಗೂ ಮಚ್ಚು ಬೀಳುತ್ತದೆ. ಒಳಗೆ ಹಸಿ ಇರುತ್ತದೆ. ನಾಫೆಡ್ ಮಾನದಂಡದಲ್ಲಿ ತೇವಾಂಶ ಶೇ. 7ರ ಒಳಗಿರಬೇಕು, ಅದು ಅಧಿಕಾರಿಗಳ ಹಟಕ್ಕೆ ಬರೆದ ಅಂಕಿಯೇನಲ್ಲ. ಅದಕ್ಕಿಂತ ಹಸಿ ಇದ್ದರೆ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ, ಕೆಲವು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಅದು ಪಿತ್ತಜನಕಾಂಗಕ್ಕೆ ನೇರ ಏಟು.

ಬೂಷ್ಟಿಗೆ ವ್ಯಾಪಾರದಲ್ಲಿ ಕಂಡುಕೊಂಡ ಅಡ್ಡದಾರಿ ಗಂಧಕ. ಮುಚ್ಚಿದ ಕೋಣೆಯಲ್ಲಿ ಗಂಧಕ ಸುಟ್ಟು ಹೊಗೆ ಕೊಟ್ಟರೆ ಬೂಷ್ಟು ಸಾಯುತ್ತದೆ, ಬಣ್ಣವೂ ಬೆಳ್ಳಗೆ ಹೊಳೆಯುತ್ತದೆ. ಕೊಬ್ಬರಿ ಬೆಳೆಯುವ ಹಲವು ಕಡೆ ಈ ರೂಢಿ ಇದೆ. ಆ ಹೊಗೆಯಲ್ಲಿರುವುದು ಸಲ್ಫರ್ ಡೈಆಕ್ಸೈಡ್. ಉಬ್ಬಸದವರಿಗೆ ಅದು ಅಪಾಯ. ಇದರಲ್ಲಿ ನನಗೆ ಕಾಣುವ ವ್ಯಂಗ್ಯವೇನೆಂದರೆ, ಹತ್ತು ತಿಂಗಳ ಅಟ್ಟದ ಕೊಬ್ಬರಿ ಒಳಗೆ ಬೆಳ್ಳಗಿದ್ದರೂ ಅದರಲ್ಲಿ ಎಣ್ಣೆಯ ಒಂದು ಮಾಸಲು ಇರುತ್ತದೆ. ಗಂಧಕದ ಕೊಬ್ಬರಿ ಸುಣ್ಣದ ಹಾಗೆ ಬೆಳ್ಳಗಿರುತ್ತದೆ. ಪೇಟೆಯ ಗಿರಾಕಿ ಕಣ್ಣಿನಿಂದ ಕೊಳ್ಳಲು ಶುರುಮಾಡಿದ ದಿನ ನಮ್ಮ ಅಸಲಿ ಮಾಲೇ ಕಳಪೆಯಂತೆ ಕಾಣುತ್ತದೆ. ನಕಲಿಗೆ ತಕ್ಕಂತೆ ಅಸಲಿಯನ್ನು ತಿದ್ದುವ ಒತ್ತಡ ಆಗ ಬರುತ್ತದೆ. ಅದಕ್ಕೆ ಮಣಿಯಬಾರದು.

ಇದಕ್ಕೆಲ್ಲ ಜಿ.ಐ. ಟ್ಯಾಗ್, ಅಂದರೆ ಭೌಗೋಳಿಕ ಗುರುತಿನ ಪಟ್ಟ, ಒಂದೇ ಮದ್ದು ಎನ್ನುವವರಿದ್ದಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಸಿಕ್ಕಿದೆ. ಆಂಧ್ರದ ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೇ ಬಂದು ಹರಾಜಾಗುವುದು ನಿಂತಿಲ್ಲ. 2024ರ ಮಾರ್ಚ್‌ನಲ್ಲಿ ಧಾರಣೆ ಕುಸಿದು ರೊಚ್ಚಿಗೆದ್ದ ರೈತರು ಅಲ್ಲಿನ ಎ.ಪಿ.ಎಂ.ಸಿ. ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದ್ದನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ. ಟ್ಯಾಗ್ ಎಂಬುದು ಕಳ್ಳನ ಮೇಲೆ ಕೇಸು ಹಾಕಲು ಸಿಗುವ ಹಕ್ಕು. ಕೇಸು ಹಾಕುವವರು ಬೇಕಲ್ಲ! ಮೈಸೂರು ಸ್ಯಾಂಡಲ್ ಸೋಪಿಗೆ ಸರ್ಕಾರದ ಕಾರ್ಖಾನೆ ಇದೆ, ಮಂತ್ರಿ ಇದ್ದಾರೆ. 2024ರ ಜನವರಿಯಲ್ಲಿ ಹೈದರಾಬಾದಿನ ನಕಲಿ ಘಟಕದ ಸುಳಿವು ಸಿಕ್ಕಾಗ ಪೊಲೀಸರನ್ನು ಕರೆದುಕೊಂಡು ಹೋಗಿ ಹಿಡಿಸಿದರು. ತಿಪಟೂರು ಕೊಬ್ಬರಿಯ ಪರವಾಗಿ ದೆಹಲಿಯ ಸಗಟು ಪೇಟೆಗೆ ಹೋಗಿ ಮಾದರಿ ತೆಗೆಯುವವರು ಯಾರು? ತೆಂಗು ಅಭಿವೃದ್ಧಿ ಮಂಡಳಿಯ ಕೆಲಸವೋ, ಎ.ಪಿ.ಎಂ.ಸಿ.ಯದ್ದೋ, ರೈತ ಉತ್ಪಾದಕ ಕಂಪನಿಗಳದ್ದೋ? ಈ ಪ್ರಶ್ನೆ ತೀರ್ಮಾನವಾಗದೆ ಟ್ಯಾಗ್ ತಂದರೆ ಸನ್ಮಾನ ಸಮಾರಂಭಕ್ಕೆ ಒಂದು ನೆಪ ಸಿಗುತ್ತದೆ, ಅಷ್ಟೆ.

ಇಲ್ಲಿಂದ ಹತ್ತಿರದಲ್ಲೇ ಇರುವ ಅರಳಗುಪ್ಪೆಯ ಚೆನ್ನಕೇಶವ ದೇವಸ್ಥಾನದಲ್ಲಿ ಹೊಯ್ಸಳರ ಕಾಲದ ಶಿಲ್ಪಿ ಹೊನೋಜನ ಹೆಸರು ಕೆತ್ತಿದೆ. ಅವನ ಕಾಲದ ಮಲ್ಲಿತಮ್ಮನೂ ನುಗ್ಗೇಹಳ್ಳಿ, ಸೋಮನಾಥಪುರಗಳಲ್ಲಿ ತಾನು ಮಾಡಿದ ಮೂರ್ತಿಗಳ ಕೆಳಗೆ ಹೆಸರು ಹಾಕಿದ್ದಾನೆ. ಕಟ್ಟಿಸಿದವರ ಹೆಸರು ಶಾಸನದಲ್ಲಿ ಹೇಗೂ ಇರುತ್ತದೆ. ಉಳಿ ಹಿಡಿದವನ ಗುರುತೂ ಅವನ ಕೆಲಸದ ಬುಡದಲ್ಲೇ ಇರಲಿ ಎಂದು ಆ ಕಾಲ ಒಪ್ಪಿತ್ತು. ದೇವಸ್ಥಾನ ಎಲ್ಲರದು, ಮೂರ್ತಿ ಮಾತ್ರ ಇಂಥವನದು. ಜಂಟಿ ಹೆಸರನ್ನು ಕಾಯಲು ನನಗೆ ಕಾಣುವ ದಾರಿಯೂ ಅದೇ.

ಹಾಗಾಗಿ ಒಂದು ಸಣ್ಣ ಪ್ರಯೋಗವನ್ನು ಸೂಚಿಸುತ್ತೇನೆ. ಕಿಬ್ಬನಹಳ್ಳಿ ಹೋಬಳಿಯಲ್ಲಿ ಅಟ್ಟ ಚೆನ್ನಾಗಿಟ್ಟುಕೊಂಡಿರುವ ಒಂದಷ್ಟು ಮನೆಗಳು ಸೇರಲಿ. ಕಾಯಿ ಅಟ್ಟಕ್ಕೆ ಏರಿಸಿದ ತಿಂಗಳು ಬರೆದಿಡಲಿ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರು ತೇವಾಂಶ ನೋಡಿ ಚೀಟಿ ಕೊಡಲಿ. ಇಳಿಸಿದ ಕೊಬ್ಬರಿ ಹರಾಜಿನಲ್ಲೇ ಮಾರಾಟವಾಗಲಿ, ಆದರೆ ಕೊಂಡ ವರ್ತಕ ಆ ಲಾಟನ್ನು ಬೇರೆಯದಕ್ಕೆ ಬೆರೆಸದೆ, ಲಾಟ್ ನಂಬರ್ ಚೀಲದ ಮೇಲೆ ಹೊಲಿಸಿ, ಗೊತ್ತಿರುವ ಒಬ್ಬ ದೆಹಲಿ ವ್ಯಾಪಾರಿಗೆ ಕಳಿಸಲಿ. ಮೊದಲ ವರ್ಷ ಒಂದು ಲಾರಿ ಸಾಕು. ಅಲ್ಲಿಂದ ದೂರು ಬಂದರೆ ಯಾವ ಮನೆಯದೆಂದು ಗೊತ್ತಾಗುತ್ತದೆ. ಹೆಚ್ಚು ಬೆಲೆ ಬಂದರೂ ಯಾವ ಮನೆಗೆ ಸೇರಬೇಕೆಂದು ಗೊತ್ತಾಗುತ್ತದೆ.

ವರ್ತಕರು ಇದಕ್ಕೆ ಏನು ಹೇಳುತ್ತಾರೆಂದು ನನಗೆ ಗೊತ್ತಿದೆ. ಗಾತ್ರದ ವಿಂಗಡಣೆ ಇಲ್ಲದೆ ಮಾಲು ಹೋಗುವುದಿಲ್ಲ, ಒಂದೊಂದು ಲಾಟನ್ನೂ ಬೇರೆ ಇಟ್ಟರೆ ಗೋದಾಮಿನಲ್ಲಿ ಜಾಗ ಸಾಲದು, ಕೂಲಿ ಜಾಸ್ತಿ. ಎರಡನೆಯದು ನ್ಯಾಯವಾದ ತಕರಾರು. ಆ ಖರ್ಚನ್ನು ಯಾರು ಹೊರಬೇಕೆಂದು ಮೊದಲೇ ಮಾತಾಡಿಕೊಳ್ಳಬೇಕು. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಒಂದೇ ಲಾಟಿನೊಳಗೇ ಗಾತ್ರ ವಿಂಗಡಿಸಲು ಅಡ್ಡಿಯೇನೂ ಇಲ್ಲ. ಇಲ್ಲಿ ಮಂಡಿಯವರು ನಾಲ್ಕೈದು ಜನ ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಊಟಕ್ಕೆ ಇನ್ನೂ ಹೊತ್ತಿದೆ. ಮೈಕು ನಿಮ್ಮ ಕಡೆ ಕೊಡುತ್ತೇನೆ.